ಮುಕ್ತ ಕಂಪೈಲರ್‌ಗಳ ಅನುಸ್ಥಾಪನಾ ಕೈಪಿಡಿಯನ್ನು ಸುಧಾರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಮ್ಮ ಸಣ್ಣ ಗುಂಪಿನ ಬಳಿಗೆ ಈ ಜಿಲ್ಲೆಯ ಮತ್ತು ಪಕ್ಕದ ಚಿಕ್ಕಮಗಳೂರಿನ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವುದು ಬಹುಪಾಲು ಒಂದೇ ಕಾರಣಕ್ಕೆ: ಬರೆದ ಪ್ರೋಗ್ರಾಂ ಅನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶವಾದ ಕಂಪೈಲರ್ ಇನ್‌ಸ್ಟಾಲ್ ಆಗುತ್ತಿಲ್ಲ. ಕೈಪಿಡಿ ಓದಿದ್ದೀರಾ ಎಂದು ಕೇಳಿದರೆ ಓದಿದ್ದೇವೆ ಎನ್ನುತ್ತಾರೆ, ಮತ್ತು ನಿಜವಾಗಿಯೂ ಓದಿರುತ್ತಾರೆ. ಹಾಗಾದರೆ ಕೊರತೆ ಕೈಪಿಡಿಯಲ್ಲಿಯೇ ಇರಬಹುದಲ್ಲವೇ ಎಂಬ ಅನುಮಾನದಿಂದ ನಾವು ಜಿಸಿಸಿ ಮತ್ತು ಎಲ್‌ಎಲ್‌ವಿಎಂ ಎಂಬ ಎರಡು ಮುಕ್ತ ಕಂಪೈಲರ್ ಯೋಜನೆಗಳ ಅನುಸ್ಥಾಪನಾ ಪುಟಗಳನ್ನು ವಿದ್ಯಾರ್ಥಿಗಳ ಜೊತೆ ಕುಳಿತು ಸಾಲು ಸಾಲಾಗಿ ಓದತೊಡಗಿದೆವು. ಆ ಕೆಲಸಕ್ಕೆ ಕೈಜೋಡಿಸಲು ಬಂದವರು ಕೇಳಿದ ಪ್ರಶ್ನೆಗಳು ಇಲ್ಲಿವೆ.

ಒಂದು ಸೂಚನೆ: ಓದಿಗೆ ತೊಡಕಾಗಬಾರದೆಂದು ಇಲ್ಲಿ ಕಮಾಂಡ್‌ಗಳ ಹೆಸರನ್ನೂ ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇವೆ. ನಿಜವಾದ ಕೈಪಿಡಿಯಲ್ಲಿ ಹೀಗೆ ಮಾಡಬಾರದು. ಏಕೆ ಎಂಬುದು ಮುಂದೆ ಬರುತ್ತದೆ.

ಜಿಸಿಸಿ 1987ರಿಂದಲೂ ಇದೆ. ಇಷ್ಟು ವರ್ಷಗಳಲ್ಲಿ ಅದರ ಕೈಪಿಡಿ ಸರಿಹೋಗಿರಬೇಕಲ್ಲವೇ?

ಕೈಪಿಡಿಯಲ್ಲಿ ತಪ್ಪುಗಳು ಕಡಿಮೆ ಎಂಬುದು ನಿಜ. ಆದರೆ ತಪ್ಪಿಲ್ಲದ ಬರಹ ಬೇರೆ, ಹೊಸಬರನ್ನು ದಡ ಸೇರಿಸುವ ಬರಹ ಬೇರೆ. ಕಡುಬು ಮಾಡುವುದನ್ನು ಕೇಳಿದರೆ ಮಲೆನಾಡಿನ ಅಜ್ಜಿಯರು "ತರಿಯನ್ನು ಹದವಾಗಿ ಬೇಯಿಸಿಕೊ" ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತಾರೆ. ಹದ ಎಂದರೆ ಎಷ್ಟು ಎಂಬುದು ಅವರ ಕೈಗೆ ಗೊತ್ತಿರುವುದರಿಂದ ಅದು ಹೇಳಬೇಕಾದ ವಿಷಯವೆಂದೇ ಅವರಿಗೆ ತೋಚುವುದಿಲ್ಲ. ಕಂಪೈಲರ್ ಬರೆಯುವವರ ಯಂತ್ರದಲ್ಲಿ ಬೇಕಾದ ಲೈಬ್ರರಿಗಳೆಲ್ಲ ವರ್ಷಗಳ ಹಿಂದೆಯೇ ಕುಳಿತಿರುತ್ತವೆ, ಮೆಮೊರಿ ಧಾರಾಳವಾಗಿರುತ್ತದೆ, ಕರೆಂಟ್ ಹೋಗುವುದಿಲ್ಲ. ಅಂಥವರು ಬರೆದ ಸೂಚನೆ ಅವರ ಯಂತ್ರದ ಮಟ್ಟಿಗೆ ಸಂಪೂರ್ಣ ಸರಿ. ಖಾಲಿ ಯಂತ್ರದಿಂದ ಹೊರಟವರು ಎಲ್ಲಿ ಎಡವುತ್ತಾರೆ ಎಂಬುದನ್ನು ಎಡವಿದವರೇ ಹೇಳಬೇಕು.

ನಾನು ಡಿಪ್ಲೊಮಾ ವಿದ್ಯಾರ್ಥಿ. ಕಂಪೈಲರ್ ಒಳಗೆ ಏನು ನಡೆಯುತ್ತದೆಂದು ತಿಳಿಯದೆ ಇದರಲ್ಲಿ ನಾನು ಮಾಡುವುದೇನಿದೆ?

ತಿಳಿಯದಿರುವುದೇ ಇಲ್ಲಿ ನಿಮ್ಮ ಬಂಡವಾಳ, ಮತ್ತು ಅದು ಬೇಗ ಕರಗಿಹೋಗುವಂಥದ್ದು. ಒಮ್ಮೆ ಯಶಸ್ವಿಯಾಗಿ ಇನ್‌ಸ್ಟಾಲ್ ಮಾಡಿದ ಮೇಲೆ ನೀವು ಎಲ್ಲಿ ಗೊಂದಲಕ್ಕೆ ಬಿದ್ದಿರಿ ಎಂಬುದು ಎರಡು ವಾರದೊಳಗೆ ನಿಮಗೇ ಮರೆತುಹೋಗುತ್ತದೆ. ಆದ್ದರಿಂದ ಮೊದಲ ಪ್ರಯತ್ನದ ದಿನವೇ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಯಾವ ಸಾಲನ್ನು ಎರಡನೆಯ ಬಾರಿ ಓದಬೇಕಾಯಿತು, ಯಾವ ಪದಕ್ಕಾಗಿ ಬೇರೆ ಕಡೆ ಹುಡುಕಬೇಕಾಯಿತು, ಯಾವ ಹಂತದಲ್ಲಿ ಪರದೆಯ ಮೇಲೆ ಕಂಡದ್ದಕ್ಕೂ ಕೈಪಿಡಿ ಹೇಳಿದ್ದಕ್ಕೂ ಹೊಂದಲಿಲ್ಲ ಎಂಬುದನ್ನು ಬರೆದಿಡಿ.

ಕಂಪೈಲರನ್ನು ಮೂಲ ಕೋಡ್‌ನಿಂದಲೇ ಕಟ್ಟಬೇಕೆ?

ಕಟ್ಟುವುದೆಂದರೆ ಮೂಲ ಕೋಡನ್ನು ಓಡುವ ತಂತ್ರಾಂಶವಾಗಿ ತಯಾರಿಸುವುದು (ಬಿಲ್ಡ್). ಬಹುತೇಕರಿಗೆ ಅದು ಬೇಕಿಲ್ಲ. ಉಬುಂಟು ಅಥವಾ ಡೆಬಿಯನ್ ಇದ್ದರೆ "ಬಿಲ್ಡ್-ಎಸೆನ್ಶಿಯಲ್" ಎಂಬ ಒಂದು ಪ್ಯಾಕೇಜ್ ಹಾಕಿಕೊಂಡರೆ ಸಿ ಮತ್ತು ಸಿ ಪ್ಲಸ್ ಪ್ಲಸ್ ಕಂಪೈಲರ್, ಕಟ್ಟುವ ಕೆಲಸ ನಡೆಸುವ ಮೇಕ್ ಎಲ್ಲವೂ ಬಂದುಬಿಡುತ್ತವೆ. ವಿಂಡೋಸ್‌ನಲ್ಲಿ ಎಂಸಿಸ್2 ಎಂಬ ತಂತ್ರಾಂಶ ಸಂಗ್ರಹದ ಮೂಲಕ ಸಿದ್ಧ ಜಿಸಿಸಿ ಸಿಗುತ್ತದೆ. ಈ ಮಾತನ್ನು ಅನುಸ್ಥಾಪನಾ ಪುಟದ ಮೊದಲ ಸಾಲಿನಲ್ಲಿಯೇ ಹೇಳಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಲ್ಯಾಬ್ ಪ್ರೋಗ್ರಾಂ ಬರೆಯಲು ಕಂಪೈಲರ್ ಬೇಕಿದ್ದ ಎಷ್ಟೋ ಮಂದಿ ಅದು ತಿಳಿಯದೆ ಮೂಲ ಕೋಡ್ ಇಳಿಸಿಕೊಂಡು ಇಡೀ ದಿನ ಕಳೆದು ನಮ್ಮ ಬಳಿಗೆ ಬಂದಿದ್ದಾರೆ.

ಎಲ್ಲ ಸೂಚನೆಗಳನ್ನು ಪಾಲಿಸಿದರೂ ಅರ್ಧದಲ್ಲಿ "ಕಿಲ್ಡ್" ಎಂದು ನಿಂತುಹೋಗುತ್ತದೆ. ಇದು ಕೈಪಿಡಿಯ ದೋಷವೇ?

ಒಂದು ಘಟನೆಯನ್ನು ಹೇಳಿದರೆ ಉತ್ತರ ಸ್ಪಷ್ಟವಾದೀತು. ಸಕಲೇಶಪುರದ ಕಡೆಯ ಹುಡುಗನೊಬ್ಬ 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್‌ನಲ್ಲಿ ಎಲ್‌ಎಲ್‌ವಿಎಂ ಮತ್ತು ಅದರ ಸಿ ಕಂಪೈಲರ್ ಆದ ಕ್ಲ್ಯಾಂಗ್ ಕಟ್ಟಲು ಹೊರಟಿದ್ದ. "ಸರ್, ಎಲ್ಲಾ ಸರಿಯಾಗೇ ಕೊಟ್ಟಿದೀನಿ, ಆದ್ರೂ ಕೊನೇಲಿ ಸತ್ತುಹೋಗುತ್ತೆ" ಎಂದ. ಪರದೆಯ ಮೇಲೆ ಇದ್ದದ್ದು ಇಷ್ಟೇ: ಕಟ್ಟಿದ ತುಣುಕುಗಳನ್ನು ಜೋಡಿಸುವ ಲಿಂಕರ್ ಆದ ಎಲ್‌ಡಿ ಸಿಗ್ನಲ್ 9ರಿಂದ ಕೊನೆಗೊಂಡಿತು, ಕಿಲ್ಡ್. ಯಾರು ಕೊಂದರು, ಏಕೆ ಕೊಂದರು ಎಂಬ ಸುಳಿವಿಲ್ಲ. ಮೂರು ಸಲ ಮೊದಲಿನಿಂದ ಮಾಡಿ ನೋಡಿದ್ದ. ಇಳಿಸಿಕೊಂಡ ಫೈಲೇ ಕೆಟ್ಟಿದೆ ಎಂದುಕೊಂಡು ಮೊಬೈಲ್ ಡೇಟಾ ಖರ್ಚು ಮಾಡಿ ಮತ್ತೊಮ್ಮೆ ಇಳಿಸಿಯೂ ಇದ್ದ.

ಡಿಮೆಸೆಜ್ ಕಮಾಂಡ್ ಕೊಟ್ಟು ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಸಂದೇಶಗಳನ್ನು ನೋಡಿದಾಗ "ಔಟ್ ಆಫ್ ಮೆಮೊರಿ" ಎಂಬ ಸಾಲು ಸಿಕ್ಕಿತು. ನಡೆದದ್ದೇನೆಂದರೆ, ಅವನು ದೋಷ ಹುಡುಕಲು ನೆರವಾಗುವ ಡೀಬಗ್ ಮಾದರಿಯನ್ನು ಆರಿಸಿಕೊಂಡಿದ್ದ. ಅದರಲ್ಲಿ ಡೀಬಗ್ ಮಾಹಿತಿಯೂ ಸೇರುವುದರಿಂದ ಫೈಲ್‌ಗಳು ಬಹಳ ದೊಡ್ಡದಾಗಿ, ಲಿಂಕ್ ಮಾಡುವ ಹಂತಕ್ಕೆ ವಿಪರೀತ ಮೆಮೊರಿ ಬೇಕಾಗುತ್ತದೆ. ಕಟ್ಟುವ ಕೆಲಸ ನಡೆಸುವ ನಿಂಜಾ ಎಂಬ ಸಾಧನವು ಪ್ರೊಸೆಸರ್‌ನಲ್ಲಿ ಎಷ್ಟು ಥ್ರೆಡ್ ಇವೆಯೆಂದು ನೋಡಿ ಅದಕ್ಕೆ ತಕ್ಕಷ್ಟು ಕೆಲಸಗಳನ್ನು ಒಟ್ಟಿಗೆ ಹಚ್ಚುತ್ತದೆಯೇ ಹೊರತು ಮೆಮೊರಿ ಎಷ್ಟಿದೆ ಎಂದು ನೋಡುವುದಿಲ್ಲ. ಹಲವು ಲಿಂಕರ್‌ಗಳು ಒಮ್ಮೆಗೇ ಮೆಮೊರಿಗೆ ಕೈಚಾಚಿದಾಗ ಲಿನಕ್ಸ್ ಕರ್ನಲ್ ಇಡೀ ಯಂತ್ರವನ್ನು ಉಳಿಸಿಕೊಳ್ಳಲು ಅವುಗಳಲ್ಲೊಂದನ್ನು ಕೊಂದಿತು. ಮಾದರಿಯನ್ನು ರಿಲೀಸ್‌ಗೆ ಬದಲಿಸಿ, ಗುರಿ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಎಕ್ಸ್86 ಒಂದನ್ನೇ ಉಳಿಸಿ, ಒಮ್ಮೆಗೆ ಒಂದೇ ಲಿಂಕ್ ಕೆಲಸ ನಡೆಯುವಂತೆ ಮಿತಿ ಹಾಕಿದ ಮೇಲೆ ಕೆಲಸ ನಿಲ್ಲದೆ ಮುಗಿಯಿತು.

ಈಗ ಗಮನಿಸಬೇಕಾದದ್ದು ಇಲ್ಲಿದೆ. ಈ ಮಿತಿ ಹಾಕುವ ಆಯ್ಕೆಯ ವಿವರಣೆ ಎಲ್‌ಎಲ್‌ವಿಎಂ ದಾಖಲೆಯಲ್ಲಿ ಇದೆ. ಡೀಬಗ್ ಮಾದರಿಯಲ್ಲಿ ಪೂರ್ತಿ ಕಟ್ಟಿದರೆ 15ರಿಂದ 20 ಜಿಬಿಯಷ್ಟು ಡಿಸ್ಕ್ ಜಾಗ ಬೇಕೆಂಬುದೂ ಅಲ್ಲಿದೆ. ಆದರೆ ಮಿತಿಯ ವಿವರಣೆ ಆಯ್ಕೆಗಳ ಪಟ್ಟಿಯಲ್ಲಿ, ಆಯ್ಕೆಯ ಹೆಸರಿನ ಕೆಳಗೆ ಇದೆ. ಹುಡುಗನಿಗೆ ಗೊತ್ತಿದ್ದದ್ದು "ಕಿಲ್ಡ್" ಎಂಬ ಪದ ಮಾತ್ರ. ಆಯ್ಕೆಯ ಹೆಸರು ಗೊತ್ತಿದ್ದರೆ ಅವನಿಗೆ ಕೈಪಿಡಿಯೇ ಬೇಕಿರಲಿಲ್ಲ. ರೋಗಿಗೆ ಗೊತ್ತಿರುವುದು ಲಕ್ಷಣ, ಔಷಧದ ಹೆಸರಲ್ಲ. ಹೀಗಾಗಿ ಲಕ್ಷಣದ ಹೆಸರಿನಲ್ಲಿ ಒಂದು ಸಣ್ಣ ಭಾಗವನ್ನು ಸೇರಿಸಿ, ಪರದೆಯ ಮೇಲೆ ಬರುವ ಸಂದೇಶವನ್ನು ಅಕ್ಷರ ಬದಲಿಸದೆ ಅಲ್ಲಿ ಇಟ್ಟು, ಕೆಳಗೆ ಕಾರಣ ಮತ್ತು ಪರಿಹಾರವನ್ನು ಬರೆಯುವುದೇ ಸುಧಾರಣೆ. ಸಂದೇಶವನ್ನು ಇದ್ದಂತೆಯೇ ಇಡಬೇಕಾದ್ದು ಏಕೆಂದರೆ, ಜನ ಅದನ್ನೇ ನಕಲು ಮಾಡಿ ಹುಡುಕುತ್ತಾರೆ.

ಉತ್ತಮ ಮಾದರಿ ಎನ್ನಬಹುದಾದ ದೋಷ ಸಂದೇಶ ಯಾವುದಾದರೂ ಇದೆಯೇ?

ಇದೆ. 64 ಬಿಟ್ ಲಿನಕ್ಸ್‌ನಲ್ಲಿ ಜಿಸಿಸಿ ಕಟ್ಟುವಾಗ 32 ಬಿಟ್‌ನ ಸಿ ಲೈಬ್ರರಿ ಮತ್ತು ಹೆಡರ್‌ಗಳು ಇಲ್ಲದಿದ್ದರೆ, ಹಿಂದೆ ಬಹಳ ಹೊತ್ತು ಕಟ್ಟಿದ ನಂತರ "ಸ್ಟಬ್ಸ್-32" ಎಂಬ ಹೆಡರ್ ಫೈಲ್ ಸಿಗಲಿಲ್ಲ ಎಂದು ಕೆಲಸ ನಿಲ್ಲುತ್ತಿತ್ತು. ಅದು ಏನು, ಏಕೆ ಬೇಕು ಎಂಬುದು ಹೊಸಬರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಈಗ ಕಟ್ಟುವ ಮುನ್ನ ಯಂತ್ರವನ್ನು ಪರಿಶೀಲಿಸುವ ಕಾನ್ಫಿಗರ್ ಹಂತದಲ್ಲಿಯೇ ಪರೀಕ್ಷೆ ನಡೆದು, ನಿಮ್ಮಲ್ಲಿ 32 ಬಿಟ್ ಲೈಬ್ರರಿಗಳು ಇಲ್ಲವೆಂದು ನನಗೆ ಅನುಮಾನ, ಇದ್ದರೆ ಈ ಆಯ್ಕೆ ಕೊಡಿ, 64 ಬಿಟ್ ಮಾತ್ರ ಸಾಕಿದ್ದರೆ ಮಲ್ಟಿಲಿಬ್ (ಎರಡೂ ಬಗೆಯ ಲೈಬ್ರರಿ) ಬೇಡವೆನ್ನುವ ಆಯ್ಕೆ ಕೊಡಿ ಎಂಬ ಅರ್ಥದ ಸಂದೇಶ ಬರುತ್ತದೆ. ಯಂತ್ರವೊಂದು "ನನಗೆ ಅನುಮಾನ" ಎನ್ನುವುದನ್ನು ಓದಿ ನಮ್ಮ ಗುಂಪಿನಲ್ಲಿ ನಗು ಎದ್ದಿತ್ತು. ಆದರೆ ಕೈಪಿಡಿ ತೆರೆಯದವರಿಗೂ ತಲುಪುವ ಬರಹವೆಂದರೆ ಇದೇ: ತಡವಾಗುವ ಮುನ್ನ ಹೇಳುತ್ತದೆ, ಎರಡು ದಾರಿ ತೋರಿಸುತ್ತದೆ, ಯಾವುದು ಯಾರಿಗೆ ಎಂಬುದನ್ನೂ ತಿಳಿಸುತ್ತದೆ. ಕೈಪಿಡಿಯಲ್ಲಿ ಒಂದು ಪ್ಯಾರಾ ಸೇರಿಸುವ ಮೊದಲು, ಅದೇ ಮಾತನ್ನು ದೋಷ ಸಂದೇಶದಲ್ಲಿ ಹೇಳಿಸಲು ಸಾಧ್ಯವೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇರುವ ವಾಕ್ಯವನ್ನು ತಿದ್ದುವುದು ಹೇಗೆ? ಒಂದು ಉದಾಹರಣೆ ಕೊಡಿ.

ಜಿಸಿಸಿ ಕೈಪಿಡಿಯ ಕಾನ್ಫಿಗರ್ ಭಾಗವನ್ನು ತೆಗೆದುಕೊಳ್ಳೋಣ. ಮೂಲ ಕೋಡ್ ಇರುವ ಫೋಲ್ಡರ್‌ನಿಂದ ಪ್ರತ್ಯೇಕವಾದ, ಅದರ ಒಳಗಿರದ ಫೋಲ್ಡರ್‌ನಲ್ಲಿ ಕಟ್ಟಬೇಕೆಂದು ಅದು ಬಲವಾಗಿ ಶಿಫಾರಸು ಮಾಡುತ್ತದೆ. ಎರಡೂ ಒಂದೇ ಫೋಲ್ಡರ್ ಆಗಿದ್ದರೂ ಕೆಲಸ ನಡೆಯಬೇಕು, ಆದರೆ ಹೆಚ್ಚು ಪರೀಕ್ಷೆ ಆಗಿಲ್ಲ. ಕಟ್ಟುವ ಫೋಲ್ಡರ್ ಮೂಲ ಫೋಲ್ಡರ್‌ನ ಒಳಗಿದ್ದರೆ ಅದಕ್ಕೆ ಬೆಂಬಲವಿಲ್ಲ ಎಂದೂ ಸೇರಿಸುತ್ತದೆ. ಮೂರು ಸ್ಥಿತಿಗಳನ್ನೂ ನಿಖರವಾಗಿ ಹೇಳಿರುವ ಬರಹವಿದು. ತಪ್ಪು ಹುಡುಕುವುದು ಕಷ್ಟ.

ಆದರೆ ಹೊಸಬರ ಕೈ ಹೋಗುವುದು ಬೇರೆ ಕಡೆಗೆ. ಸಣ್ಣಪುಟ್ಟ ಮುಕ್ತ ತಂತ್ರಾಂಶಗಳನ್ನು ಕಟ್ಟಿ ರೂಢಿಯಾದವರು ಫೈಲ್ ಬಿಡಿಸಿದ ತಕ್ಷಣ ಅದೇ ಫೋಲ್ಡರ್‌ನೊಳಗೆ ಹೋಗಿ ಕಾನ್ಫಿಗರ್ ಓಡಿಸುತ್ತಾರೆ. ಸ್ವಲ್ಪ ಹುಷಾರಾದವರು ಅದರೊಳಗೇ "ಬಿಲ್ಡ್" ಎಂಬ ಫೋಲ್ಡರ್ ಮಾಡಿಕೊಂಡು ತಾವು ಸರಿಯಾಗಿ ಮಾಡಿದೆವೆಂದು ತೃಪ್ತಿಪಡುತ್ತಾರೆ. ಕೈಪಿಡಿಯ ಪ್ರಕಾರ ಈ ಹುಷಾರಿನವರದೇ ಬೆಂಬಲವಿಲ್ಲದ ದಾರಿ! ಎಲ್‌ಎಲ್‌ವಿಎಂನ ಪುಟದಲ್ಲಿ ಮೂಲದೊಳಗೇ ಬಿಲ್ಡ್ ಫೋಲ್ಡರ್ ಮಾಡುವುದು ಸಾಮಾನ್ಯ ಕ್ರಮವಾದ್ದರಿಂದ, ಅಲ್ಲಿ ಕಲಿತವರು ಇಲ್ಲಿ ಜಾರುತ್ತಾರೆ. ಹಾಗಾಗಿ ನಾವು ನಮ್ಮ ಕನ್ನಡ ಟಿಪ್ಪಣಿಯಲ್ಲಿ ವಿವರಣೆಗೆ ಮೊದಲು ಕ್ರಿಯೆಯನ್ನು ಇಟ್ಟೆವು: "ಮೂಲ ಕೋಡ್‌ನ ಫೋಲ್ಡರ್‌ನಿಂದ ಹೊರಗೆ ಬನ್ನಿ. ಅದರ ಪಕ್ಕದಲ್ಲಿ ಹೊಸ ಖಾಲಿ ಫೋಲ್ಡರ್ ಮಾಡಿ, ಅದರೊಳಗೆ ಹೋಗಿ, ಅಲ್ಲಿಂದ ಕಾನ್ಫಿಗರ್ ಅನ್ನು ಅದರ ಪೂರ್ತಿ ದಾರಿ ಕೊಟ್ಟು ಓಡಿಸಿ." ಕಾರಣ ಬೇಕಾದವರಿಗೆ ಕಾರಣ ಅದರ ಕೆಳಗೆ. ಎರಡು ಫೋಲ್ಡರ್‌ಗಳು ಅಕ್ಕಪಕ್ಕ ಇರುವ ಒಂದು ಸಣ್ಣ ಚಿತ್ರವನ್ನೂ ಹಾಕಿದೆವು. ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಬೇಡವೆಂಬ ಒಂದು ಸಾಲು ಕೂಡ ಇರಲಿ. ಮೇಕ್ ಅದನ್ನು ಸಹಿಸುವುದಿಲ್ಲ.

ವಿಂಡೋಸ್‌ನಲ್ಲಿ ಹೊಸ ಜಿಸಿಸಿ ಹಾಕಿದರೂ ಹಳೆಯ ಆವೃತ್ತಿಯೇ ತೋರಿಸುತ್ತದೆ. ಇದರ ಬಗ್ಗೆ ಕೈಪಿಡಿ ಏನು ಹೇಳಬೇಕು?

ಚಿಕ್ಕಮಗಳೂರಿನ ವಿದ್ಯಾರ್ಥಿನಿಯೊಬ್ಬಳ ಯಂತ್ರದಲ್ಲಿ "ವೇರ್ ಜಿಸಿಸಿ" ಎಂದು ಕೇಳಿದಾಗ ಎರಡು ಸಾಲು ಬಂದವು. ಮೇಲಿನದು ಎಂದೋ ಹಾಕಿದ್ದ ಎಡಿಟರ್ ಒಂದರ ಜೊತೆ ಬಂದಿದ್ದ ಹಳೆಯ ಕಂಪೈಲರ್. ಕೆಳಗಿನದು ಅಂದು ಬೆಳಿಗ್ಗೆ ಎಂಸಿಸ್2ರಿಂದ ಹಾಕಿದ್ದು. ವಿಂಡೋಸ್ ಪಾತ್ ಪಟ್ಟಿಯನ್ನು (ಕಮಾಂಡ್‌ಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿಯನ್ನು) ಮೇಲಿನಿಂದ ಕೆಳಕ್ಕೆ ಹುಡುಕಿ ಮೊದಲು ಸಿಕ್ಕದ್ದನ್ನು ಓಡಿಸುತ್ತದೆ. ಅವಳು ಹೊಸ ದಾರಿಯನ್ನು ಬಳಕೆದಾರರ ಪಾತ್‌ನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು, ಆದರೂ ಫಲವಿರಲಿಲ್ಲ. ಕಾರಣ, ಸಿಸ್ಟಂ ಪಾತ್ ಮೊದಲು ಬಂದು ಬಳಕೆದಾರರ ಪಾತ್ ಅದರ ಹಿಂದೆ ಸೇರುತ್ತದೆ. ಹಳೆಯ ಕಂಪೈಲರ್ ಇದ್ದದ್ದು ಸಿಸ್ಟಂ ಪಾತ್‌ನಲ್ಲಿ. ಜೊತೆಗೆ, ತೆರೆದೇ ಇದ್ದ ಟರ್ಮಿನಲ್ ಹಳೆಯ ಪಾತ್‌ನ್ನೇ ಹಿಡಿದುಕೊಂಡಿರುವುದರಿಂದ ಅದನ್ನು ಮುಚ್ಚಿ ಹೊಸದಾಗಿ ತೆರೆಯಬೇಕಾಗುತ್ತದೆ.

ಹೆಚ್ಚಿನ ಸೂಚನೆಗಳು "ಪಾತ್‌ಗೆ ಸೇರಿಸಿ" ಎಂಬ ಎರಡು ಪದಗಳಲ್ಲಿ ಇದನ್ನು ಮುಗಿಸಿಬಿಡುತ್ತವೆ. ಸೇರಿಸಿದ ಮೇಲೆ ಯಾವ ಕಮಾಂಡ್ ಕೊಟ್ಟು ನೋಡಬೇಕು, ಒಂದಕ್ಕಿಂತ ಹೆಚ್ಚು ಸಾಲು ಬಂದರೆ ಏನು ಮಾಡಬೇಕು ಎಂಬುದನ್ನು ಹೇಳದ ಸೂಚನೆ ಅರ್ಧದಾರಿಯಲ್ಲಿ ಬಿಟ್ಟುಹೋದಂತೆ. ಅನುಸ್ಥಾಪನೆಯ ಪ್ರತಿ ಹಂತದ ಕೊನೆಯಲ್ಲಿ "ಈಗ ನಿಮಗೆ ಕಾಣಬೇಕಾದ್ದು ಇದು" ಎಂಬ ಸಾಲು ಇರಬೇಕೆಂದು ನಾವು ಪಟ್ಟು ಹಿಡಿಯುವುದು ಇದಕ್ಕಾಗಿ.

ನಮ್ಮ ಕಾಲೇಜಿನಲ್ಲಿ ಇಂದಿಗೂ ಟರ್ಬೊ ಸಿ ಬಳಸುತ್ತಾರೆ. ಅದರ ಸೂಚನೆಗಳನ್ನೂ ನೀವು ಸರಿಪಡಿಸುತ್ತೀರಾ?

ಇಲ್ಲ. ಅದು ಮುಕ್ತ ತಂತ್ರಾಂಶವಲ್ಲ, ಡಾಸ್ ಕಾಲದ್ದು. ಅದರಿಂದ ಲಿನಕ್ಸ್‌ನ ಜಿಸಿಸಿಗೆ ಬರುವವರಿಗೆ ಕೊನಿಯೊ ಹೆಡರ್ ಏಕೆ ಸಿಗುವುದಿಲ್ಲ ಎಂಬುದನ್ನು ಮಾತ್ರ ಒಂದು ಪುಟದಲ್ಲಿ ಬರೆದಿದ್ದೇವೆ.

ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ನೆಚ್ಚುವಂತಿಲ್ಲ. ಕೈಪಿಡಿಯಲ್ಲಿ ಇದಕ್ಕೂ ಜಾಗವಿದೆಯೇ?

ಇರಲೇಬೇಕು. ಪುಷ್ಯ ಮಳೆ ಹಿಡಿದಾಗ ಮೂಡಿಗೆರೆ, ಕಳಸದ ಕಡೆ ಹೋದ ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಅಂಥ ಓದುಗನಿಗೆ ಕೈಪಿಡಿ ಮೂರು ವಿಷಯಗಳನ್ನು ಮೊದಲೇ ತಿಳಿಸಬೇಕು: ಎಷ್ಟು ಇಳಿಸಿಕೊಳ್ಳಬೇಕು, ಎಷ್ಟು ಜಾಗ ಬೇಕು, ಮಧ್ಯೆ ನಿಂತರೆ ಎಲ್ಲಿಂದ ಮುಂದುವರಿಸಬೇಕು. ಮೇಕ್ ಮತ್ತು ನಿಂಜಾ ಎರಡೂ ಮುಗಿದ ಫೈಲ್‌ಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಟ್ಟುತ್ತವೆ. ಮತ್ತೆ ಅದೇ ಕಮಾಂಡ್ ಕೊಟ್ಟರೆ ಸಾಕು. ಇದನ್ನು ಎಲ್ಲಿಯೂ ಓದದ ಕಾರಣ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುವವರೇ ಹೆಚ್ಚು. ಒಂದು ಎಚ್ಚರಿಕೆಯೂ ಬೇಕು: ಯಂತ್ರ ಹಠಾತ್ತನೆ ಆರಿದ ಕ್ಷಣದಲ್ಲಿ ಬರೆಯುತ್ತಿದ್ದ ಫೈಲ್ ಅರೆಬರೆಯಾಗಿ ಉಳಿದಿರಬಹುದು, ಆದ್ದರಿಂದ ವಿಚಿತ್ರ ದೋಷ ಬಂದರೆ ಅದು ಹೆಸರಿಸುವ ಫೈಲನ್ನು ಅಳಿಸಿ ಮತ್ತೆ ಕಟ್ಟಬೇಕು. ಇಳಿಸುವುದಕ್ಕೆ ವಿಗೆಟ್ ಎಂಬ ಕಮಾಂಡ್ ಬಳಸಿದರೆ ನಿಂತಲ್ಲಿಂದ ಮುಂದುವರಿಸುವ ಆಯ್ಕೆ ಅದರಲ್ಲಿದೆ.

ಜಿಸಿಸಿಗೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಗಣಿತದ ಲೈಬ್ರರಿಗಳು ಬೇಕು. ಅವನ್ನು ತಾನಾಗಿಯೇ ಇಳಿಸಿಕೊಡುವ ಒಂದು ಸ್ಕ್ರಿಪ್ಟ್ ಮೂಲ ಕೋಡ್‌ನ ಜೊತೆಗೇ ಬರುತ್ತದೆ. ನೆಟ್ ಇರುವ ಪೇಟೆಯಲ್ಲಿಯೇ ಆ ಸ್ಕ್ರಿಪ್ಟ್ ಓಡಿಸಿಕೊಂಡು ಹೋದರೆ ಮುಂದಿನ ಕೆಲಸವನ್ನು ತೋಟದ ಮನೆಯಲ್ಲಿ ನೆಟ್ ಇಲ್ಲದೆಯೂ ಮಾಡಬಹುದು. ಕಟ್ಟುವ ಹೊತ್ತನ್ನು ಕಡಿಮೆ ಮಾಡುವ ದಾರಿಯೂ ಇದೆ. ಜಿಸಿಸಿ ಸಾಮಾನ್ಯವಾಗಿ ತನ್ನನ್ನು ತಾನು ಮೂರು ಹಂತದಲ್ಲಿ ಕಟ್ಟಿಕೊಳ್ಳುತ್ತದೆ: ಯಂತ್ರದಲ್ಲಿರುವ ಕಂಪೈಲರ್ ಮೊದಲನೆಯದನ್ನು, ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಕಟ್ಟಿ, ಕೊನೆಯ ಎರಡನ್ನು ಹೋಲಿಸಿ ನೋಡುತ್ತದೆ. ಬರೀ ಅಭ್ಯಾಸಕ್ಕೆ ಕಟ್ಟುವವರು ಈ ಬೂಟ್‌ಸ್ಟ್ರ್ಯಾಪ್ ಅನ್ನು ಬಿಡಬಹುದು. ದಿನನಿತ್ಯದ ಬಳಕೆಗೆ ಕಟ್ಟುವವರು ಬಿಡದಿರುವುದು ಲೇಸು.

ಅಂತರ್ಜಾಲದಲ್ಲಿ ಸಿಗುವ ಸೂಚನೆಗಳು ಹಳೆಯವೋ ಹೊಸವೋ ಎಂದು ತಿಳಿಯುವುದು ಹೇಗೆ?

ಎಲ್‌ಎಲ್‌ವಿಎಂ ಬಗ್ಗೆ ಓದುವಾಗ ಸಬ್‌ವರ್ಶನ್ ಎಂಬ ಕೋಡ್ ಸಂಗ್ರಹ ವ್ಯವಸ್ಥೆಯಿಂದ ಕೋಡ್ ತೆಗೆದುಕೊಳ್ಳಿ ಎಂದಿದ್ದರೆ ಆ ಪುಟವನ್ನು ಅಲ್ಲಿಗೇ ಮುಚ್ಚಿ. ಯೋಜನೆ 2019ರಲ್ಲಿಯೇ ಗಿಟ್ ಎಂಬ ಬೇರೆ ವ್ಯವಸ್ಥೆಗೆ ಬಂದಾಗಿದೆ. ಜಿಸಿಸಿಯ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಅದನ್ನು ಕಟ್ಟಲು ಯಂತ್ರದಲ್ಲಿ ಮೊದಲೇ ಇರಬೇಕಾದ ಕಂಪೈಲರ್‌ನ ಮಟ್ಟ ಏರುತ್ತಲೇ ಬಂದಿದೆ: ಜಿಸಿಸಿ ಆವೃತ್ತಿ 11ರಿಂದ ಸಿ ಪ್ಲಸ್ ಪ್ಲಸ್ 11 ಎಂಬ ಭಾಷಾ ಮಾನಕ ತಿಳಿದಿರುವ ಕಂಪೈಲರ್, ಆವೃತ್ತಿ 15ರಿಂದ ಸಿ ಪ್ಲಸ್ ಪ್ಲಸ್ 14. ನಿನ್ನೆಯವರೆಗೆ ಸರಿಯಿದ್ದ ಸಾಲು ಹೊಸ ಆವೃತ್ತಿ ಬಂದ ದಿನ ತಪ್ಪಾಗುವುದು ಹೀಗೆ.

ಬಹುಮಂದಿಗೆ ತಿಳಿಯದ ಸಂಗತಿಯೆಂದರೆ, ಜಿಸಿಸಿ ಜಾಲತಾಣದಲ್ಲಿರುವ ಅನುಸ್ಥಾಪನಾ ಪುಟ ಅಭಿವೃದ್ಧಿಯ ಹಂತದಲ್ಲಿರುವ ಕೋಡ್‌ಗೆ ಸಂಬಂಧಿಸಿದ್ದು. ಬಿಡುಗಡೆಯಾದ ಆವೃತ್ತಿಗೆ ತಕ್ಕ ಸೂಚನೆಗಳು ಆ ಆವೃತ್ತಿಯ ಮೂಲ ಕೋಡ್‌ನ ಕಟ್ಟಿನೊಳಗೇ, ಇನ್‌ಸ್ಟಾಲ್ ಎಂಬ ಫೋಲ್ಡರ್‌ನಲ್ಲಿ ಇರುತ್ತವೆ. ಜಾಲತಾಣದ ಪುಟವೇ ಇದನ್ನು ಹೇಳುತ್ತದೆ, ಆದರೆ ಓದುಗನ ಕಣ್ಣು ನಿಲ್ಲದ ಕಡೆ ಹೇಳುತ್ತದೆ.

ಕೈಪಿಡಿಯನ್ನು ಕನ್ನಡಕ್ಕೆ ತಂದರೆ ಸಮಸ್ಯೆ ಬಗೆಹರಿಯುತ್ತದೆಯೇ?

ಸ್ವಲ್ಪಮಟ್ಟಿಗೆ. ಅಸ್ಪಷ್ಟವಾದ ಇಂಗ್ಲಿಷನ್ನು ಅನುವಾದಿಸಿದರೆ ಸಿಗುವುದು ಅಸ್ಪಷ್ಟವಾದ ಕನ್ನಡ. ಆದ್ದರಿಂದ ಮೊದಲು ಮೂಲವನ್ನು ತಿದ್ದಿ ಕಳುಹಿಸಿ, ನಂತರ ಕನ್ನಡದಲ್ಲಿ ಬರೆಯಿರಿ. ಬರೆಯುವಾಗಲೂ ವಾಕ್ಯವಾರು ಅನುವಾದಕ್ಕಿಂತ ಹಂತವನ್ನು ಸ್ವತಃ ಮಾಡಿ ನೋಡಿ ನಿಮ್ಮ ಮಾತಿನಲ್ಲಿ ಹೇಳುವುದು ಮೇಲು.

ಪದಗಳ ವಿಷಯದಲ್ಲಿ ನಮ್ಮಲ್ಲಿ ಬಹಳ ವಾದ ನಡೆದಿದೆ. ಕಂಪೈಲರ್‌ಗೆ ಸಂಕಲಕ, ಲಿಂಕರ್‌ಗೆ ಸಂಯೋಜಕ ಎಂದು ಬರೆದು ಕೊಟ್ಟ ಹಾಳೆಯನ್ನು ಹಿಡಿದು ವಿದ್ಯಾರ್ಥಿಗಳು ಪರದೆಯನ್ನೂ ಹಾಳೆಯನ್ನೂ ಹೊಂದಿಸಲಾರದೆ ಕುಳಿತಿದ್ದನ್ನು ಕಂಡ ಮೇಲೆ ಆ ಹಟವನ್ನು ಬಿಟ್ಟೆವು. ಪರದೆಯ ಮೇಲೆ ಕಾಣುವ ಪದ ಹಾಳೆಯಲ್ಲಿಯೂ ಅದೇ ಆಗಿರಬೇಕು. ಕಮಾಂಡ್‌ಗಳನ್ನು ಮತ್ತು ದೋಷ ಸಂದೇಶಗಳನ್ನು ಲಿಪಿಯನ್ನೂ ಬದಲಿಸದೆ, ಟೈಪ್ ಮಾಡಬೇಕಾದ ಹಾಗೆಯೇ ಇಡಬೇಕು. ಅವನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಓದುಗ ನಕಲು ಮಾಡಲಾರ, ಹುಡುಕಲಾರ. ವಿವರಣೆ, ಎಚ್ಚರಿಕೆ, ಕಾರಣ ಇವೆಲ್ಲ ಒಳ್ಳೆಯ ಕನ್ನಡದಲ್ಲಿ ಇರಲಿ. ಜಿಸಿಸಿ ಕೈಪಿಡಿ ಗ್ನೂ ಮುಕ್ತ ದಾಖಲೆ ಪರವಾನಗಿಯಲ್ಲಿ ಇರುವುದರಿಂದ ಅನುವಾದಕ್ಕೆ ಅನುಮತಿಯಿದೆ, ಆದರೆ ಅನುವಾದವೂ ಅದೇ ಪರವಾನಗಿಯಲ್ಲಿ ಇರಬೇಕು.

ನಾವು ತಿದ್ದಿದ ಕೈಪಿಡಿ ಸರಿಯಾಗಿದೆ ಎಂದು ಪರೀಕ್ಷಿಸುವುದು ಹೇಗೆ?

ಆಗತಾನೆ ಹಾಕಿದ ಖಾಲಿ ವರ್ಚುವಲ್ ಮೆಷಿನ್ (ಕಂಪ್ಯೂಟರ್‌ನೊಳಗೇ ನಡೆಯುವ ಇನ್ನೊಂದು ಕಂಪ್ಯೂಟರ್) ಒಂದನ್ನು ತೆಗೆದುಕೊಂಡು, ಈ ಕೆಲಸ ಎಂದೂ ಮಾಡದವರನ್ನು ಅದರ ಮುಂದೆ ಕೂರಿಸಿ, ನೀವು ಹಿಂದೆ ಕುಳಿತುಕೊಳ್ಳಿ. ಬಾಯಿ ಬಿಡಬೇಡಿ. ಇದು ಕೇಳಲು ಸುಲಭ. ಮಾಡಲು ಬಹಳ ಕಷ್ಟ. ಅವರು ತಪ್ಪು ಫೋಲ್ಡರ್‌ಗೆ ಹೋದಾಗ "ಅಲ್ಲಲ್ಲ" ಎಂದು ಬಾಯಿಗೆ ಬಂದೇ ಬರುತ್ತದೆ. ಹಾಗೆ ಬಂದ ಮಾತೇ ಕೈಪಿಡಿಯಲ್ಲಿ ಬಿಟ್ಟುಹೋದ ಸಾಲು; ನುಂಗಿಕೊಂಡು ಅದನ್ನು ಬರೆದಿಟ್ಟುಕೊಳ್ಳಿ.

ತಿದ್ದುಪಡಿಯನ್ನು ಎಲ್ಲಿಗೆ, ಹೇಗೆ ಕಳುಹಿಸಬೇಕು?

ಎಲ್‌ಎಲ್‌ವಿಎಂಗೆ ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳುವ ಕೋರಿಕೆ) ಸಾಕು; ದಾಖಲೆಗಳು ಕೋಡ್‌ನ ಜೊತೆಯಲ್ಲಿಯೇ ಡಾಕ್ಸ್ ಫೋಲ್ಡರ್‌ನಲ್ಲಿವೆ. ಜಿಸಿಸಿಯ ಅನುಸ್ಥಾಪನಾ ಕೈಪಿಡಿ ಟೆಕ್ಸಿನ್ಫೊ ಎಂಬ ರೂಪದಲ್ಲಿ ಒಂದೇ ಫೈಲ್‌ನಲ್ಲಿದೆ. ತಿದ್ದಿದ್ದನ್ನು ಗಿಟ್‌ನಿಂದ ಪ್ಯಾಚ್ (ಬದಲಾದ ಸಾಲುಗಳ ಫೈಲ್) ಮಾಡಿ ಅವರ ಪ್ಯಾಚ್ ಇಮೇಲ್ ಪಟ್ಟಿಗೆ ಕಳುಹಿಸಬೇಕು, ಕೊನೆಯಲ್ಲಿ ಇದನ್ನು ಕೊಡುವ ಹಕ್ಕು ನನಗಿದೆ ಎಂದು ದೃಢೀಕರಿಸುವ "ಸೈನ್ಡ್-ಆಫ್-ಬೈ" ಸಾಲಿನೊಂದಿಗೆ ನಿಮ್ಮ ಹೆಸರಿರಬೇಕು. 2021ರವರೆಗೆ ದೊಡ್ಡ ತಿದ್ದುಪಡಿಗಳಿಗೆ ಹಕ್ಕುಸ್ವಾಮ್ಯವನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬರೆದುಕೊಡಬೇಕಿತ್ತು. ಈಗ ಆ ಸಾಲು ಸಾಕಾಗುತ್ತದೆ.

ಒಂದು ಪ್ಯಾಚ್‌ನಲ್ಲಿ ಒಂದೇ ವಿಷಯವಿರಲಿ. ಯಾವ ಯಂತ್ರದಲ್ಲಿ, ಯಾವ ಆವೃತ್ತಿಯಲ್ಲಿ, ಯಾವ ಸಾಲು ಓದಿದ ಮೇಲೆ ಎಡವಿದಿರಿ ಎಂಬುದನ್ನು ಜೊತೆಯಲ್ಲಿ ಬರೆಯಿರಿ. ಒಂದೆರಡು ವಾರ ಉತ್ತರ ಬರದಿದ್ದರೆ ವಿನಯದಿಂದ ನೆನಪಿಸುವುದು ಅಲ್ಲಿ ರೂಢಿಯಲ್ಲಿರುವ ಕ್ರಮ, ಸಂಕೋಚಪಡಬೇಕಿಲ್ಲ.

ಹಾಕಿದ ಕಂಪೈಲರನ್ನು ತೆಗೆಯುವುದು ಹೇಗೆ ಎಂಬುದೂ ಕೈಪಿಡಿಯಲ್ಲಿ ಇರಬೇಕೆ?

ಇರಬೇಕು, ಅದೂ ಹಾಕುವ ಮೊದಲೇ ಕಣ್ಣಿಗೆ ಬೀಳುವಂತೆ. ಜಿಸಿಸಿಯಲ್ಲಿ "ಮೇಕ್ ಅನ್‌ಇನ್‌ಸ್ಟಾಲ್" ಎಂದು ಕೊಟ್ಟರೆ ಇಲ್ಲಿ ಆ ಸೌಲಭ್ಯವಿಲ್ಲ ಎಂಬ ಉತ್ತರ ಬರುತ್ತದೆ. ಏನನ್ನೂ ಹೇಳದಿದ್ದರೆ ಅದು ಹೋಗಿ ಕೂರುವುದು ಸಿಸ್ಟಂನ "ಯುಎಸ್‌ಆರ್ ಲೋಕಲ್" ಫೋಲ್ಡರ್‌ನಲ್ಲಿ, ಉಳಿದ ತಂತ್ರಾಂಶಗಳ ಫೈಲ್‌ಗಳ ನಡುವೆ ಬೆರೆತು. ಹೀಗಾಗಿ ಕಾನ್ಫಿಗರ್ ಕೊಡುವಾಗಲೇ ಪ್ರಿಫಿಕ್ಸ್ ಆಯ್ಕೆಯಲ್ಲಿ ನಿಮ್ಮ ಹೋಮ್ ಫೋಲ್ಡರ್‌ನೊಳಗಿನ ಒಂದು ಪ್ರತ್ಯೇಕ ಜಾಗವನ್ನು, ಆವೃತ್ತಿಯ ಸಂಖ್ಯೆ ಸೇರಿಸಿ, ತಿಳಿಸಿರಿ. ಆಗ ಬೇಡವಾದ ದಿನ ಆ ಒಂದು ಫೋಲ್ಡರನ್ನು ಅಳಿಸಿ, ಪಾತ್‌ನಲ್ಲಿ ಅದರ ಸಾಲನ್ನು ತೆಗೆದರೆ ಮುಗಿಯಿತು.